ಅಬ್ಬೆಯ ಮಡಿ

ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ವರ್ಷ, ಅಂದರೆ 1984ರಲ್ಲಿ, ಮಳೆಗಾಲ ಮುಗಿದು ತೋಟದಲ್ಲಿ ಅಡಿಕೆ ಹಣ್ಣಾಗತೊಡಗಿದ ಸಮಯ. ನಾನು ನನ್ನ ತಾಯಿಯನ್ನು ಕರೆದುಕೊಂಡು ಪೇಟೆಯ ಡಾಕ್ಟರೊಬ್ಬರ ಬಳಿಗೆ ಹೋಗಿದ್ದೆ. ನಮ್ಮ ಮನೆಮಾತು ಹವ್ಯಕ ಕನ್ನಡ; ತಾಯಿಯನ್ನು ನಾವು ಅಬ್ಬೆ ಎನ್ನುತ್ತೇವೆ. ಅಬ್ಬೆಗೆ ಆಗ 58 ವರ್ಷ. ಮನೆಯಲ್ಲಿ ಹವ್ಯಕ, ಆಳುಗಳೊಡನೆ ತುಳು, ಓದುವುದಕ್ಕೆ ಕನ್ನಡ, ಇಷ್ಟರಲ್ಲಿ ಅವಳ ಲೋಕವ್ಯವಹಾರವೆಲ್ಲ ನಡೆದುಹೋಗುತ್ತಿತ್ತು. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದ ಸುದ್ದಿ ಅವಳ ಅಡುಗೆಮನೆಯವರೆಗೆ ಇನ್ನೂ ಬಂದಿಲ್ಲ ಎಂದು ಅಪ್ಪ ತಮಾಷೆ ಮಾಡುವುದಿತ್ತು. ಡಾಕ್ಟರು ತೆಂಕಣ ಕೇರಳದಿಂದ ಹೊಸತಾಗಿ ಬಂದ ತರುಣ. ಅವರಿಗೆ ಕನ್ನಡ ಬಾರದು, ಅಬ್ಬೆಗೆ ಮಲಯಾಳ ಬಾರದು. ನಡುವೆ ದುಭಾಷಿಯಾಗಿ ಕುಳಿತವಳು ನಾನು, ಕನ್ನಡ ಶಾಲೆಯಲ್ಲಿ ಟೀಚರಾಗಿ ಸೇರಿ ನಾಲ್ಕು ವರ್ಷವಾಗಿದ್ದವಳು.

ಡಾಕ್ಟರು ಏನೇನೋ ಕೇಳಿದ ಮೇಲೆ, ಅಬ್ಬೆಯ ಕಡೆಗೇ ತಿರುಗಿ, "ಜೋಲಿ ಚೆಯ್ಯಾನ್ ಮಡಿಯುಂಡೋ?" ಎಂದರು.

ಆ ಇಡೀ ವಾಕ್ಯದಲ್ಲಿ ಅಬ್ಬೆಗೆ ಸಿಕ್ಕಿದ್ದು ಮಡಿ ಎಂಬ ಒಂದೇ ಶಬ್ದ. ಅವಳ ಮುಖ ಅರಳಿತು. ಇಷ್ಟು ಹೊತ್ತಿಗೆ ಒಂದು ಒಳ್ಳೆಯ ವಿಷಯ ಕೇಳಿದರಲ್ಲ ಎಂಬ ಹಾಗೆ, "ಇದ್ದು ಇದ್ದು. ಮಡಿ ಬಿಟ್ಟಿದಿಲ್ಲೆ. ಮೊದಲಾಣ ಹಾಂಗೆ ಎಡಿತ್ತಿಲ್ಲೆ, ಅಷ್ಟೆ" ಎಂದಳು. ಮಡಿ ಬಿಟ್ಟಿಲ್ಲ, ಮೊದಲಿನ ಹಾಗೆ ಆಗುವುದಿಲ್ಲ, ಅಷ್ಟೆ.

ಈ ವಿಶೇಷಾಂಕದ ಎರಡೂ ಲಿಪಿಗಳ ಪುಟಗಳನ್ನು ಓದಬಲ್ಲವರಿಗೆ ನಗು ಬಂದಿರಬೇಕು. ನಮ್ಮ ಮಡಿ ಒಗೆದು ಒಣಗಿಸಿದ ಸೀರೆಯದು, ಮುಟ್ಟಬಾರದ ಬಿಂದಿಗೆಯದು. ಮಲಯಾಳದ ಮಡಿ ಕೆಲಸಕ್ಕೆ ಮನಸ್ಸು ಹಿಂದೆಗೆಯುವುದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಉದಾಸೀನ. ನನಗೂ ನಗು ತಡೆಯಲಿಲ್ಲ. ಅಮ್ಮ ಏನು ಹೇಳಿದರು ಎಂದು ಡಾಕ್ಟರು ಕೇಳಿದರು. ಹೊರಗೆ ಬೆಂಚಿನ ತುಂಬ ಜನ, ನನಗೆ ಮೂರು ಗಂಟೆಯ ಬಸ್ಸು. ಎರಡು ಮಡಿಗಳ ವ್ಯತ್ಯಾಸವನ್ನು ವಿವರಿಸುತ್ತ ಕೂರುವುದಕ್ಕಿಂತ, "ಅತೆ ಡಾಕ್ಟರ್, ಕುರಚ್ಚ್ ಮಡಿಯುಂಡ್" ಎಂದುಬಿಟ್ಟೆ. ಹೌದು ಡಾಕ್ಟರೇ, ಸ್ವಲ್ಪ ಉದಾಸೀನ ಉಂಟು.

ಅವರು ಒಂದು ಟಾನಿಕ್ಕನ್ನೂ ವಿಟಮಿನ್ ಮಾತ್ರೆಗಳನ್ನೂ ಬರೆದುಕೊಟ್ಟರು. ನಾವು ಮೂರು ಗಂಟೆಯ ಬಸ್ಸಿನಲ್ಲಿ ಮನೆಗೆ ಬಂದೆವು.

ಈ ಪ್ರಸಂಗವನ್ನು ನಾನು ಇಪ್ಪತ್ತು ವರ್ಷ ಸ್ಟಾಫ್ ರೂಮಿನಲ್ಲಿ, ಮದುವೆಮನೆಗಳಲ್ಲಿ ನಗೆಮಾತಾಗಿ ಹೇಳಿಕೊಂಡು ಬಂದಿದ್ದೇನೆ. 2005ರಿಂದ ಈಚೆಗೆ ಹೇಳಿಲ್ಲ.

ಅಬ್ಬೆ ಉದಾಸೀನದ ಹೆಂಗಸಾಗಿರಲಿಲ್ಲ. ನಾನು ಸಣ್ಣವಳಿದ್ದಾಗ ನಾಲ್ಕೂವರೆಗೆ ಎದ್ದು, ಬಾವಿಯಿಂದ ನೀರು ಸೇದಿ, ಹಟ್ಟಿಯ ಕೆಲಸ ಮುಗಿಸಿ, ಇಪ್ಪತ್ತು ಜನಕ್ಕೆ ದೋಸೆ ಎರೆಯುತ್ತಿದ್ದವಳು. ಹೊಸ ಹಾಡು ಒಮ್ಮೆ ಕೇಳಿದರೆ ಸಾಕು, ಮರುದಿನ ಅದು ಅವಳ ಬಾಯಲ್ಲಿ. ಐವತ್ತೈದರ ಹೊತ್ತಿಗೆ ಆ ಸ್ವರ ಒಡೆಯಿತು, ಗಂಡಸಿನ ಸ್ವರದ ಹಾಗೆ ದಪ್ಪವಾಯಿತು; ದೂರದಿಂದ ಕೇಳಿದವರು ಅಪ್ಪನೋ ಎಂದುಕೊಳ್ಳುತ್ತಿದ್ದರು. ಹಾಡುವುದನ್ನು ಅವಳೇ ಬಿಟ್ಟಳು. ಏಪ್ರಿಲ್ ತಿಂಗಳ ಸೆಕೆಯಲ್ಲಿ, ನಾವೆಲ್ಲ ಬೀಸಣಿಗೆ ಹಿಡಿದು ಜಗಲಿಯಲ್ಲಿ ಒದ್ದಾಡುತ್ತಿದ್ದಾಗ, ಅವಳು ಉಣ್ಣೆಯ ಶಾಲು ಹೊದ್ದು ಒಲೆಯ ಬುಡದಲ್ಲಿ ಕುಳಿತಿರುತ್ತಿದ್ದಳು. ಹಲಸಿನ ತೊಳೆ ಬಿಡಿಸುತ್ತ ಬಿಡಿಸುತ್ತ, ಕೈಗೆ ಮೇಣ ಅಂಟಿದ ಹಾಗೆಯೇ ನಿದ್ದೆ ಹೋಗುವಳು. ಮುಖ ಊದಿ, ಕಣ್ಣಿನ ಕೆಳಗೆ ಚೀಲ ಕಟ್ಟಿತ್ತು. ಹುಬ್ಬಿನ ಹೊರತುದಿ ಉದುರಿಹೋಗಿತ್ತು. ಕಾಲಿನ ಚರ್ಮ ಒಣಗಿದ ಬಾಳೆಯ ಪಟ್ಟೆಯ ಹಾಗೆ. ಕೇಳಿದ ಪ್ರಶ್ನೆಗೆ ಉತ್ತರ ಬರುವುದಕ್ಕೆ ಎಷ್ಟು ಹೊತ್ತಾಗುತ್ತಿತ್ತೆಂದರೆ, ಅಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು.

ಊಟ ಮಾಡುವುದು ಒಂದು ಹಿಡಿ, ಆದರೂ ಮೈ ಬರುತ್ತಲೇ ಇತ್ತು. ನೆಂಟರಿಷ್ಟರು ಅದನ್ನು ಸುಖದ ಲಕ್ಷಣ ಎಂದರು. ಮಗಳು ಟೀಚರು, ಮಗ ಬ್ಯಾಂಕಿನಲ್ಲಿ, ಇನ್ನು ಅವಳಿಗೇನು ಕಡಿಮೆ! ಮನೆಯ ಸೊಸೆಗೆ ಮಾತ್ರ, ಅತ್ತೆ ಬೇಕೆಂದೇ ಕೆಲಸ ತಪ್ಪಿಸುತ್ತಾರೆ ಎಂಬ ಅನುಮಾನ. ನನಗೂ ಒಳಗೊಳಗೇ ಸಿಟ್ಟು. ರಜೆಯಲ್ಲಿ ತವರಿಗೆ ಹೋದಾಗ, "ಹೀಗೆ ಕೂತರೆ ಕೂತಲ್ಲಿಗೇ ಆಗುತ್ತದೆ ಅಬ್ಬೆ, ಸ್ವಲ್ಪ ಓಡಾಡು" ಎಂದು ಪಾಠ ಹೇಳುತ್ತಿದ್ದೆ. ಅವಳದು ಒಂದೇ ಉತ್ತರ: "ಎಡಿತ್ತಿಲ್ಲೆ ಕೂಸೇ." ಸುಸ್ತು ಎಂದಲ್ಲ, ನೋವು ಎಂದಲ್ಲ. ಎಡಿತ್ತಿಲ್ಲೆ, ಕೈಲಾಗುವುದಿಲ್ಲ. ಅಷ್ಟರಲ್ಲಿ ಅವಳು ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದಳು. ಕೇಳುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

1991ರ ಜನವರಿಯಲ್ಲಿ, ಚಳಿ ಸ್ವಲ್ಪ ಜೋರಾಗಿದ್ದ ಒಂದು ರಾತ್ರಿ ಮಲಗಿದವಳು ಏಳಲಿಲ್ಲ. 65 ವರ್ಷ, ವಯಸ್ಸಾಗಿತ್ತು, ನರಳದೆ ಹೋದಳು, ಪುಣ್ಯವಂತೆ ಎಂದರು.

ನನ್ನ ಸರದಿ ಬಂದದ್ದು 48ನೆಯ ವಯಸ್ಸಿನಲ್ಲಿ. ಮುಟ್ಟು ಹಿಂದುಮುಂದಾಗುತ್ತಿದ್ದ ಕಾಲ. ಆದ್ದರಿಂದ ಏನಾದರೂ ಅದರ ತಲೆಗೇ ಕಟ್ಟುವುದು ಸುಲಭವಾಯಿತು. ಕೂದಲು ಉದುರಿದರೆ ಅದು, ಮರೆವು ಬಂದರೆ ಅದು, ಕಾರಣವಿಲ್ಲದೆ ಅಳು ಬಂದರೂ ಅದು. ಹಾಜರಿ ಕರೆಯುವಾಗ ಮೂರು ವರ್ಷದಿಂದ ನೋಡಿದ ಮಗುವಿನ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ಪದ್ಯ ಓದುವಾಗ ಸ್ವರ ಒಡೆಯುತ್ತಿತ್ತು. ಚಾಕಿನ ಧೂಳು ಎಂದುಕೊಂಡೆ. ಜೂನ್ ತಿಂಗಳಲ್ಲಿ ನಾನು ಸ್ವೆಟರ್ ಹಾಕಿಕೊಂಡು ಶಾಲೆಗೆ ಬಂದದ್ದನ್ನು ಕಂಡು ನಮ್ಮ ಮಲಯಾಳ ವಿಭಾಗದ ಟೀಚರೊಬ್ಬರು, ತನಗೂ ಹೀಗೆಯೇ ಆಗಿತ್ತು, ಒಮ್ಮೆ ರಕ್ತ ತೋರಿಸಿ ನೋಡಿ ಎಂದರು. ಮಂಗಳೂರಿಗೆ ಹೋದೆ. ಅಲ್ಲಿನ ಡಾಕ್ಟರಮ್ಮ ಕುತ್ತಿಗೆ ಮುಟ್ಟಿ ನೋಡಿ, ನೀರು ನುಂಗಿಸಿ ನೋಡಿ, ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಮುಂದಕ್ಕೆ ಹಾರಿತು, ಆದರೆ ಹಿಂದಕ್ಕೆ ಬರುವುದಕ್ಕೆ ಸಾವಕಾಶ ಮಾಡಿತು. ಅವರಿಗೆ ಅರ್ಧ ಅಲ್ಲಿಯೇ ಗೊತ್ತಾಗಿತ್ತು ಎಂದು ಕಾಣುತ್ತದೆ. ರಕ್ತದ ವರದಿಯಲ್ಲಿ ಟಿ.ಎಸ್.ಎಚ್. 38 ಎಂದಿತ್ತು. ಇರಬೇಕಾದದ್ದು ಸುಮಾರು 0.4ರಿಂದ 4ರೊಳಗೆ.

"ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ?" ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆ. ವಾಪಸು ಬರುವಾಗ ಬಸ್ಸು ತಲಪಾಡಿ ದಾಟಿ ಉಪ್ಪಳದ ಹತ್ತಿರ ಬಂದಿರಬೇಕು. ಕಿಟಕಿಯ ಗಾಳಿಗೆ ಚಳಿಯಾಗಿ ಸೆರಗನ್ನು ಕಿವಿಗೆ ಸುತ್ತಿಕೊಂಡೆ. ಅದೇ ಗಳಿಗೆಯಲ್ಲಿ, ಒಲೆಯ ಬುಡದಲ್ಲಿ ಶಾಲು ಹೊದ್ದು ಕುಳಿತವಳು ಕಣ್ಣ ಮುಂದೆ ಬಂದಳು. ಪಕ್ಕದಲ್ಲಿ ಕುಳಿತಿದ್ದವರು ತಲೆನೋವೇ ಎಂದು ವಿಚಾರಿಸುವಷ್ಟು ಅತ್ತೆ.

ಮುಂದಿನ ಸಲ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ರಕ್ತ ನೋಡದ ರೋಗಕ್ಕೆ ಹೆಸರಿಡಲು ಬರುವುದಿಲ್ಲ ಎಂದರು ಅವರು. ಆ ಕಾಲಕ್ಕೆ ನಿಮ್ಮ ಪೇಟೆಯಲ್ಲಿ ಈ ಪರೀಕ್ಷೆ ಸುಲಭದಲ್ಲಿ ಸಿಗುತ್ತಲೂ ಇರಲಿಲ್ಲ ಎಂದು ಸಮಾಧಾನ ಹೇಳಿದರು. ಸರಿ. ಆದರೆ ಸ್ವರ, ಶಾಲು, ಹುಬ್ಬು, ಒಂದೊಂದನ್ನೂ ನಾನು ಹೇಳುವಾಗ ಅವರು ಬರೆಯುವುದನ್ನು ನಿಲ್ಲಿಸಿ ಪೆನ್ನನ್ನು ಕೆಳಗಿಟ್ಟಿದ್ದರು.

ಈ ಗ್ರಂಥಿಯ ವಿಷಯ ಆಮೇಲೆ ಸಿಕ್ಕಲ್ಲೆಲ್ಲ ಓದಿದೆ. ಗಂಟಲಿನ ಮುಂದೆ, ಉಸಿರ್ನಾಳಕ್ಕೆ ಒರಗಿ ಚಿಟ್ಟೆಯ ರೆಕ್ಕೆಯ ಹಾಗೆ ಹರಡಿದ, 20 ಗ್ರಾಮಿನ ಆಸುಪಾಸು ತೂಗುವ ಮಾಂಸದ ತುಣುಕು. ನಾವು ತಿಂದದ್ದರಲ್ಲಿನ ಅಯೋಡಿನನ್ನು ಹಿಡಿದಿಟ್ಟು ಅದು ಥೈರಾಕ್ಸಿನ್ ತಯಾರಿಸುತ್ತದೆ. ಮೈಯ ಕಾವು, ಎದೆಯ ಬಡಿತ, ಕರುಳಿನ ಚಲನೆ, ಚರ್ಮದ ಹಸಿ, ನೆನಪಿನ ಚುರುಕು, ಎಲ್ಲವೂ ಎಷ್ಟು ವೇಗದಲ್ಲಿ ನಡೆಯಬೇಕೆಂಬುದು ಅದರ ಅಳತೆಯ ಮೇಲೆ. ವರದಿಯ ನಂಬ್ರ ಹೆಚ್ಚಿದ್ದರೆ ಹಾರ್ಮೋನು ಹೆಚ್ಚು ಎಂದು ಅನೇಕರು ತಿಳಿಯುತ್ತಾರೆ. ಮೊದಲಿಗೆ ನಾನೂ ಹಾಗೆಯೇ ತಿಳಿದೆ. ಅದು ತಿರುವುಮುರುವು. ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ. ಮನೆಯಿಂದ 'ಕೂ' ಎಂದು ಕೂಗಿದರೆ ತೋಟದಿಂದ 'ಓ' ಎನ್ನಬೇಕು. ಓ ಎನ್ನದಿದ್ದರೆ ಕೂಗು ಇನ್ನೂ ಜೋರಾಗುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಕೂಗುವ ಕೂಗೇ ಟಿ.ಎಸ್.ಎಚ್. ಕೂಗು 38ಕ್ಕೆ ಏರಿದೆ ಎಂದರೆ ತೋಟದಲ್ಲಿದ್ದವರು ಓಗೊಡುತ್ತಿಲ್ಲ ಎಂದರ್ಥ. ಕೂಗೇ ಇಲ್ಲದಷ್ಟು ಕಡಿಮೆಯಾಗಿದ್ದರೆ ಗ್ರಂಥಿ ಮಿತಿಮೀರಿ ಸುರಿಸುತ್ತಿದೆ ಎಂದು.

ಗ್ರಂಥಿ ಹೀಗೆ ಸೋಲುವುದಕ್ಕೆ ನಮ್ಮಂಥವರಲ್ಲಿ ಹೆಚ್ಚಾಗಿ ಕಾರಣ ಮೈಯ ಕಾವಲುಪಡೆಯೇ ಅದರ ಮೇಲೆ ತಿರುಗಿಬೀಳುವುದು. 1912ರಲ್ಲಿ ಜಪಾನಿನ ಹಶಿಮೊಟೊ ಎಂಬ ಶಸ್ತ್ರವೈದ್ಯರು ನಾಲ್ವರು ಹೆಂಗಸರ ಗ್ರಂಥಿಗಳನ್ನು ಪರೀಕ್ಷಿಸಿ ಇದರ ಲಕ್ಷಣವನ್ನು ಮೊದಲು ಬರೆದಿಟ್ಟರು. ರೋಗಕ್ಕೆ ಇಂದಿಗೂ ಅವರದೇ ಹೆಸರು. ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಾಲು ಹೆಚ್ಚು, ನಲ್ವತ್ತು ದಾಟಿದ ಮೇಲೆ ಇನ್ನೂ ಹೆಚ್ಚು, ರಕ್ತಸಂಬಂಧದಲ್ಲಿ ಹರಿದುಬರುವುದೂ ಉಂಟು.

ಓದಿದ್ದರಲ್ಲಿ ನನ್ನನ್ನು ನಿದ್ದೆ ಇಲ್ಲದ ಹಾಗೆ ಮಾಡಿದ್ದು ಒಂದು ಹಳೆಯ ಸಂಗತಿ. ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದಲ್ಲಿ ಜಾರ್ಜ್ ಮರ್ರೆ ಎಂಬ ಡಾಕ್ಟರು 1891ರಲ್ಲಿ 46 ವರ್ಷದ ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ಕೊಟ್ಟರು. ಊದಿದ ಮುಖ, ನಿಧಾನದ ಮಾತು, ಸದಾ ಚಳಿ; ಅವಳ ವಿವರಗಳನ್ನು ಓದುವಾಗ ನಮ್ಮ ಅಡುಗೆಮನೆಯನ್ನು ಓದಿದ ಹಾಗೆಯೇ ಆಯಿತು. ಅವಳು ಚೇತರಿಸಿಕೊಂಡಳು. ಮುಂದೆ ಬಾಯಿಯಿಂದಲೇ ಆ ಸಾರವನ್ನು ಕುಡಿಯುತ್ತ 28 ವರ್ಷ ಬದುಕಿ, 74ರಲ್ಲಿ ತೀರಿಕೊಂಡಳು. ಅವಳಿಗಾಗಿ 800ಕ್ಕೂ ಹೆಚ್ಚು ಕುರಿಗಳು ಬೇಕಾದವಂತೆ. ಮಡಿಯ ಅಬ್ಬೆಗೆ ಈ ಲೆಕ್ಕ ಹೇಳಿದ್ದರೆ ರೋಗವೇ ವಾಸಿ ಎನ್ನುತ್ತಿದ್ದಳೋ ಏನೋ. ಆದರೆ ಅಷ್ಟರ ಅಗತ್ಯವಿರಲಿಲ್ಲ. 1914ರಲ್ಲಿಯೇ ಅಮೆರಿಕದಲ್ಲಿ ಕೆಂಡಾಲ್ ಎಂಬ ವಿಜ್ಞಾನಿ ಥೈರಾಕ್ಸಿನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದರು, ಆಮೇಲೆ ಅದನ್ನು ಕಾರ್ಖಾನೆಯಲ್ಲಿ ತಯಾರಿಸಲು ಕಲಿತರು. ನಾನು "ಕುರಚ್ಚ್ ಮಡಿಯುಂಡ್" ಎಂದು ಹೇಳಿದ ದಿನಕ್ಕೆ ಮರ್ರೆಯ ಮದ್ದಿಗೆ 93 ವರ್ಷ ತುಂಬಿತ್ತು.

ನನಗೆ ಕೊಟ್ಟದ್ದು ದಿನಕ್ಕೆ 75 ಮೈಕ್ರೋಗ್ರಾಂ. ಲೆಕ್ಕದ ಟೀಚರಲ್ಲದಿದ್ದರೂ ಲೆಕ್ಕ ಹಾಕಿದೆ. ವರ್ಷವಿಡೀ ನುಂಗಿದ ಮಾತ್ರೆಗಳ ಸತ್ವವನ್ನೆಲ್ಲ ಒಟ್ಟು ಮಾಡಿದರೆ 27 ಮಿಲಿಗ್ರಾಂ, ಹೆಚ್ಚುಕಮ್ಮಿ ಒಂದು ಅಕ್ಕಿಕಾಳಿನ ತೂಕ. ಮೂರನೆಯ ವಾರದ ಒಂದು ಬೆಳಿಗ್ಗೆ ಎದ್ದು ನೋಡುವಾಗ ಹೊದಿಕೆ ಕಾಲಬುಡದಲ್ಲಿ ಬಿದ್ದಿತ್ತು. ಸ್ವರ ಬರುವುದಕ್ಕೆ ಎರಡು ತಿಂಗಳು ಹಿಡಿಯಿತು. ಮೈ ಮಾತ್ರ ನಾನು ಬಯಸಿದಷ್ಟು ಇಳಿಯಲಿಲ್ಲ. ಎಲ್ಲ ತೂಕವೂ ಥೈರಾಯ್ಡಿನದಲ್ಲ, ಸ್ವಲ್ಪ ಹೋಳಿಗೆಯದೂ ಉಂಟು ಎಂದರು ಡಾಕ್ಟರಮ್ಮ.

ಮಾತ್ರೆ ಸಣ್ಣದು, ಅದರ ಹಟ ದೊಡ್ಡದು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬರೇ ನೀರಿನೊಡನೆ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ ಇಲ್ಲ, ತಿಂಡಿ ಇಲ್ಲ. ಹಾಲು ಕಾಫಿಯೊಡನೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಮ್ಮ ವಯಸ್ಸಿನವರಿಗೆ ಎಲುಬಿಗೆಂದು ಕ್ಯಾಲ್ಸಿಯಂ, ರಕ್ತಕ್ಕೆಂದು ಕಬ್ಬಿಣದ ಮಾತ್ರೆ ಬರೆದುಕೊಡುತ್ತಾರಲ್ಲ, ಅವೆರಡಕ್ಕೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಎಲ್ಲವನ್ನೂ ಒಂದೇ ಅಂಗೈಯಲ್ಲಿ ಹಾಕಿ ಒಂದೇ ಗುಟುಕಿಗೆ ನುಂಗುವ ನನ್ನ ಅಭ್ಯಾಸದಿಂದ ಒಂದು ವರ್ಷ ನನ್ನ ನಂಬ್ರ ಇಳಿಯಲೇ ಇಲ್ಲ, ಡಾಕ್ಟರಮ್ಮ ಡೋಸ್ ಏರಿಸುತ್ತ ಹೋದರು. ತಪ್ಪು ಅಂಗೈಯದು ಎಂದು ಗೊತ್ತಾದ ಮೇಲೆ ಮತ್ತೆ ಇಳಿಸಿದರು. ಡೋಸ್ ಬದಲಿಸಿದರೆ ಆರೆಂಟು ವಾರ ಬಿಟ್ಟೇ ರಕ್ತ ನೋಡಬೇಕು. ಥೈರಾಕ್ಸಿನ್ ಮೈಯೊಳಗೆ ಅರ್ಧಕ್ಕೆ ಇಳಿಯುವುದಕ್ಕೇ ಒಂದು ವಾರ ಬೇಕು, ಅಷ್ಟು ನಿಧಾನದ ಪ್ರಾಣಿ ಅದು. ಬೇಸಿಗೆಯಲ್ಲಿ ಬಾಟಲಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬಾರದು, ಬಿಸಿಲಿಗೂ ಇಡಬಾರದು.

ಊರಿನಲ್ಲಿ ಇದಕ್ಕೆ ಉಪದೇಶ ಕೊಡುವವರಿಗೆ ಕೊರತೆಯಿಲ್ಲ. ಎಲೆಕೋಸು ಮುಟ್ಟಬೇಡಿ, ಮರಗೆಣಸು ವಿಷ ಎನ್ನುತ್ತಾರೆ. ಬೇಯಿಸಿ ಹಿತಮಿತವಾಗಿ ತಿಂದರೆ ಎರಡೂ ಏನೂ ಮಾಡುವುದಿಲ್ಲ. ಮರಗೆಣಸಿನ ದೋಷ ತಲೆ ಎತ್ತುವುದು ಅಯೋಡಿನ್ನೇ ಇಲ್ಲದ ಕಡೆ, ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರಲ್ಲಿ. ಸಮುದ್ರದ ಬದಿಯವರಿಗೆ ಇದು ಬರುವುದಿಲ್ಲ, ಕಲ್ಲುಪ್ಪು ತಿಂದರೆ ಸಾಕು ಎನ್ನುವವರೂ ಉಂಟು. ಕಡಲ ನೀರಿನಿಂದ ಮಾಡಿದ ಉಪ್ಪಿನಲ್ಲಿಯೂ ಅಯೋಡಿನ್ ತೀರ ಕಡಿಮೆ. ಅದನ್ನು ಸೇರಿಸಿದ್ದರೆ ಮಾತ್ರ ಉಂಟು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾ. ರಾಮಲಿಂಗಸ್ವಾಮಿಯವರು ಕೈಗೊಂಡ ಪ್ರಯೋಗದಿಂದಲೇ ಅಯೋಡಿನ್ ಉಪ್ಪು ಗಳಗಂಡವನ್ನು ತಗ್ಗಿಸುತ್ತದೆ ಎಂದು ನಮ್ಮ ದೇಶಕ್ಕೆ ಖಚಿತವಾದದ್ದು. ಆದರೆ ಉಪ್ಪಿನ ಅಯೋಡಿನ್ ಹಶಿಮೊಟೊ ರೋಗಕ್ಕೆ ಮದ್ದಲ್ಲ.

ನನ್ನವರ ಅಕ್ಕ, ಅಂದರೆ ನನ್ನ ಅತ್ತಿಗೆ, 76ನೆಯ ವಯಸ್ಸಿನಲ್ಲಿ ತನಗೂ ಥೈರಾಯ್ಡು ಬೇಕೆಂದು ಹಟ ಹಿಡಿದರು. ತಮಾಷೆಯಲ್ಲ. ಕ್ಯಾಂಪೊಂದರಲ್ಲಿ ರಕ್ತ ನೋಡಿದಾಗ 6.2 ಬಂದಿತ್ತು, ಟಿ4 ಸರಿಯಾಗಿಯೇ ಇತ್ತು. ಡಾಕ್ಟರಮ್ಮ ಮಾತ್ರೆ ಕೊಡಲಿಲ್ಲ. ವಯಸ್ಸಾದಂತೆ ಈ ನಂಬ್ರ ತಾನಾಗಿ ಸ್ವಲ್ಪ ಏರುವುದು ಸಹಜ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ಅತ್ತಿಗೆಗೆ ಅವಮಾನವಾಯಿತು, ನಾದಿನಿಯರಿಗೆಲ್ಲ ಉಂಟು, ತನಗೇಕಿಲ್ಲ! ಆದರೆ ಡಾಕ್ಟರಮ್ಮನ ಮಾತಿಗೆ ಆಧಾರವಿತ್ತು. ಯುರೋಪಿನಲ್ಲಿ 65 ದಾಟಿದ, ಇಂಥದೇ ಸಣ್ಣ ಏರಿಕೆಯ 737 ಮಂದಿಯಲ್ಲಿ ಕೆಲವರಿಗೆ ಥೈರಾಕ್ಸಿನ್, ಕೆಲವರಿಗೆ ಸಪ್ಪೆಮಾತ್ರೆ ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಗಿತ್ತು. ಆಯಾಸದಲ್ಲಾಗಲಿ ಇತರ ತೊಂದರೆಗಳಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಮುದಿವಯಸ್ಸಿನಲ್ಲಿ ಥೈರಾಕ್ಸಿನ್ ಮಿತಿಮೀರಿದರೆ ಎದೆಬಡಿತ ತಾಳ ತಪ್ಪಬಹುದು, ಎಲುಬು ಟೊಳ್ಳಾಗಬಹುದು. ನಿಜವಾಗಿ ಬೇಕಾದ ವೃದ್ಧರಿಗೂ 12.5, 25 ಎಂದು ತೀರ ಕೆಳಗಿನಿಂದ ಹಿಡಿದು ಮೆಲ್ಲನೆ ಏರಿಸುತ್ತಾರೆ. ಅತ್ತಿಗೆಯ ನಂಬ್ರ ಮರುಸಲ 5.1ಕ್ಕೆ ಇಳಿಯಿತು. ಅವರಿಗೆ ಬೇಸರವೇ ಆಯಿತು.

ಮೀನು ತಿನ್ನುವವರಿಗೆ ಈ ರೋಗವಿಲ್ಲ ಎಂಬ ಮಾತೂ ಉಂಟಲ್ಲ. ನಮ್ಮ ಕಂಪೌಂಡಿನ ಆಚೆಯ ಮನೆಯ ಉಮ್ಮ ಮೀನಿಲ್ಲದೆ ಅನ್ನ ಮುಟ್ಟುವವರಲ್ಲ. 2011ರಲ್ಲಿ, ಅವರ 66ನೆಯ ವಯಸ್ಸಿನಲ್ಲಿ, ಆರು ತಿಂಗಳೊಳಗೆ ಅರ್ಧವಾಗಿಬಿಟ್ಟರು. ಮಗ ಗಲ್ಫಿನ ಕೆಲಸ ಬಿಟ್ಟು ಬಂದ ಚಿಂತೆ ಎಂದು ಮನೆಯವರು. ಸಕ್ಕರೆ ಕಾಯಿಲೆ ಎಂದು ಇನ್ನು ಕೆಲವರು. ಒಂದು ಸಂಜೆ ನಮ್ಮ ಅಂಗಳದ ಐದು ಮೆಟ್ಟಿಲು ಹತ್ತಿ ಬಂದು ಕಂಬ ಹಿಡಿದು ನಿಂತರು. ಹಣೆಯಲ್ಲಿ ಬೆವರು. "ಎನಕ್ಕ್ ಬಯ್ಯ ಟೀಚರೇ" ಎಂದರು.

ಪುಸ್ತಕದ ಮಲಯಾಳದಲ್ಲಿ ಅದು 'ವಯ್ಯ'. ನಮ್ಮ ಕಡೆಯ ಬಾಯಲ್ಲಿ ಬಯ್ಯ. ತುಳುವಿನಲ್ಲಿ ಬಯ್ಯ ಎಂದರೆ ಸಂಜೆ. ಸಪ್ತಭಾಷೆಯ ನಾಡಿನಲ್ಲಿ ಒಂದು ಶಬ್ದವನ್ನು ನೆಟ್ಟಗೆ ನಿಲ್ಲಿಸುವುದು ಕಷ್ಟ. ಆದರೆ ಅಂದು ನನಗೆ ಕೇಳಿಸಿದ್ದು ಒಂದೇ ಅರ್ಥ. ಕಂಬ ಹಿಡಿದು ನಿಂತವರು ಹೇಳಿದ್ದು, ಎಡಿತ್ತಿಲ್ಲೆ ಕೂಸೇ.

ಅವರ ಸೊಸೆಯನ್ನೂ ಜತೆಗೆ ಕರೆದುಕೊಂಡು ಮರುದಿನವೇ ಮಂಗಳೂರಿಗೆ ಹೋದೆವು. ನಮ್ಮ ಡಾಕ್ಟರಮ್ಮ ರಜೆಯಲ್ಲಿದ್ದರು. ಇದ್ದವರು ಹುಬ್ಬಳ್ಳಿ ಕಡೆಯವರು, ಅವರಿಗೆ ಮಲಯಾಳದ ಗಂಧವಿಲ್ಲ. ಸೊಸೆಗೆ ಕನ್ನಡ ಬಾರದು. ಮತ್ತೊಮ್ಮೆ ನಾನೇ ದುಭಾಷಿ. ಈ ಸಲ ಬಸ್ಸಿನ ಸಮಯ ನೋಡಲಿಲ್ಲ. ಉಮ್ಮ ಹೇಳಿದ ಒಂದೊಂದು ಮಾತನ್ನೂ ಅವರು ಹೇಳಿದ ಹಾಗೆಯೇ ಹೇಳಿದೆ. ಬಯ್ಯ ಎಂಬಲ್ಲಿಗೆ ಬಂದಾಗ ಸುಸ್ತು ಎನ್ನಲಿಲ್ಲ, ಉದಾಸೀನ ಎನ್ನಲಿಲ್ಲ. "ಮೈ ಮಾತು ಕೇಳುವುದಿಲ್ಲ ಎನ್ನುತ್ತಾರೆ. ಮೊದಲು ಹೀಗಿರಲಿಲ್ಲ. ಇವರು ಕೆಲಸಕ್ಕೆ ಹಿಂದೆಗೆಯುವವರಲ್ಲ, ಅದು ನನಗೆ ಗೊತ್ತು" ಎಂದೆ. ಕೊನೆಯದು ಅನುವಾದವಲ್ಲ.

ಉಮ್ಮನದು ನನ್ನದರ ತಿರುವುಮುರುವು. ಟಿ.ಎಸ್.ಎಚ್. 0.01, ಗ್ರಂಥಿ ಕಟ್ಟೆಯೊಡೆದು ಸುರಿಸುತ್ತಿತ್ತು. ಎಳೆಯರಿಗಾದರೆ ಚಡಪಡಿಕೆ, ಕೈನಡುಕ, ಸಿಟ್ಟು ಎಲ್ಲ ಎದ್ದು ಕಾಣುತ್ತದೆ. ವಯಸ್ಸಾದವರಲ್ಲಿ ಅವು ಅಡಗಿ, ಬರೇ ಸೊರಗುವುದು, ಸುಮ್ಮನಾಗುವುದು, ಎದೆಯ ಬಡಿತ ತಾಳ ತಪ್ಪಿದ ಮದ್ದಳೆಯ ಹಾಗೆ ಆಗುವುದು ಇಷ್ಟೇ ಕಾಣಬಹುದು ಎಂದು ಡಾಕ್ಟರು ತಿಳಿಸಿದರು. ಕೆಲವು ತಿಂಗಳು ಮಾತ್ರೆಯಿಂದ ಹತೋಟಿಗೆ ತಂದ ಮೇಲೆ, ವಿಕಿರಣವುಳ್ಳ ಅಯೋಡಿನಿನ ಒಂದು ಕ್ಯಾಪ್ಸೂಲ್ ನುಂಗಿಸಿದರು. ಅಯೋಡಿನ್ ಎಂದು ನಂಬಿ ಗ್ರಂಥಿ ಅದನ್ನು ಎಳೆದುಕೊಳ್ಳುತ್ತದೆ, ಎಳೆದುಕೊಂಡ ತಪ್ಪಿಗೆ ಸುಟ್ಟುಕೊಳ್ಳುತ್ತದೆ. 1941ರಿಂದಲೂ ಇರುವ ಚಿಕಿತ್ಸೆ.

ಆಮೇಲೆ ಕೆಲವು ದಿನ ಸಣ್ಣ ಮಕ್ಕಳನ್ನು ಹತ್ತಿರ ಸೇರಿಸಬಾರದು, ಬೇರೆ ತಟ್ಟೆ ಬೇರೆ ಲೋಟ ಎಂದು ಹೇಳಿ ಕಳಿಸಿದ್ದರು. ಉಮ್ಮನ ಮೂರು ವರ್ಷದ ಮೊಮ್ಮಗಳು ಅಜ್ಜಿಯ ಬಳಿ ಹೋಗಲು ಅತ್ತು ಅತ್ತು ನಮ್ಮ ಮನೆಯಲ್ಲಿ ನಿದ್ದೆ ಹೋಯಿತು. ಸಂಜೆ ನಾನು ಕಂಪೌಂಡಿನ ಬಳಿ ಹೋದಾಗ, ಜಗಲಿಯ ತುದಿಯಲ್ಲಿ ಒಬ್ಬರೇ ಕುಳಿತಿದ್ದ ಉಮ್ಮ ಅಲ್ಲಿಂದಲೇ ಕೈ ಅಡ್ಡ ಹಿಡಿದು, "ಬರಬೇಡಿ ಟೀಚರೇ, ಮುಟ್ಟಬಾರದು. ಈಗ ನನಗೂ ನಿಮ್ಮ ಅಬ್ಬೆಯ ಮಡಿ" ಎಂದು ಮಲಯಾಳದಲ್ಲಿ ಹೇಳಿದರು. ಮದುವೆಯಾಗಿ ಬಂದ ಹೊಸತರಲ್ಲಿ ಅವರು ಅಬ್ಬೆಯನ್ನು ನಮ್ಮ ಮನೆಯಲ್ಲಿ ಎಷ್ಟೋ ಸಲ ನೋಡಿದ್ದರು. ಅವರ ಆ ಮಲಯಾಳದ ವಾಕ್ಯದೊಳಗೆ ನಮ್ಮ ಕನ್ನಡದ ಮಡಿ ಅದೇ ಅರ್ಥದಲ್ಲಿ ಕುಳಿತಿತ್ತು.

ಸುಟ್ಟ ಗ್ರಂಥಿ ಮತ್ತೆ ಚಿಗುರುವುದು ಅಪರೂಪ. ಈ ಚಿಕಿತ್ಸೆಯಾದ ಹೆಚ್ಚಿನವರು ಮುಂದೆ ನನ್ನ ಪಂಗಡಕ್ಕೇ ಬರುತ್ತಾರೆ. ಉಮ್ಮನೂ ನಾಲ್ಕು ತಿಂಗಳಲ್ಲಿ ಬಂದರು. ರಂಜಾನಿನಲ್ಲಿ ಏನು ಮಾಡುವುದು ಎಂಬ ಅವರ ಚಿಂತೆಗೆ ಡಾಕ್ಟರು ದಾರಿ ಹೇಳಿಕೊಟ್ಟರು: ಬೆಳಗಿನ ಜಾವದ ಅತ್ತಾಯಕ್ಕೆ ಅರ್ಧ ಗಂಟೆ ಮೊದಲು ಎದ್ದು ಮಾತ್ರೆ ನುಂಗುವುದು, ಇಲ್ಲವೇ ರಾತ್ರಿ ಉಂಡು ಮೂರು ನಾಲ್ಕು ಗಂಟೆ ಬಿಟ್ಟು ಮಲಗುವ ಮುನ್ನ.

2020ರ ಮಾರ್ಚ್ ಕೊನೆಗೆ ತಲಪಾಡಿಯ ಗಡಿ ಮುಚ್ಚಿದಾಗ ನನ್ನ ಬಾಟಲಿಯಲ್ಲಿ ಹದಿನಾಲ್ಕು ಮಾತ್ರೆ ಉಳಿದಿತ್ತು. ಆಂಬುಲೆನ್ಸುಗಳು ಗಡಿಯಲ್ಲಿ ತಡೆದು ನಿಂತದ್ದು, ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮ ಜನ ತೀರಿಹೋದದ್ದು, ವ್ಯಾಜ್ಯ ಕೋರ್ಟಿನ ಮೆಟ್ಟಿಲೇರಿದ್ದು, ಈ ಪುಟಗಳ ಓದುಗರಿಗೆ ನಾನು ಹೇಳಬೇಕಾದ್ದಿಲ್ಲ. ಆ ದುಃಖಗಳ ಮುಂದೆ ನನ್ನದು ಲೆಕ್ಕಕ್ಕಿಲ್ಲ. ಆದರೂ ದಿನಾ ರಾತ್ರಿ ಬಾಟಲಿಯನ್ನು ಅಂಗೈಗೆ ಸುರಿದು ಎಣಿಸುತ್ತಿದ್ದೆ. ಎಣಿಕೆ ಐದಕ್ಕೆ ಇಳಿದಾಗ ಉಮ್ಮನಿಗೆ ಹೇಳಿದೆ. ಅವರು ನಕ್ಕುಬಿಟ್ಟರು. ಅವರ ಮಾತ್ರೆ ಬರುತ್ತಿದ್ದದ್ದು ನಮ್ಮದೇ ಪೇಟೆಯ ಮೆಡಿಕಲ್ ಅಂಗಡಿಯಿಂದ, ಎಷ್ಟೋ ವರ್ಷಗಳಿಂದ! ಹದಿನೈದು ವರ್ಷ ನಾನು ಅದೇ ಮಾತ್ರೆಗೆ ಮಂಗಳೂರಿನ ಬಸ್ಸು ಹತ್ತಿದ್ದೆ, ಮದ್ದು ಎಂದರೆ ಆ ಕಡೆಯದೇ ಎಂಬ ಅಭ್ಯಾಸದಿಂದ. ಅವರ ಮೊಮ್ಮಗ ಮಾಸ್ಕ್ ಕಟ್ಟಿಕೊಂಡು ಹೋಗಿ ತಂದುಕೊಟ್ಟ. ಕಂಪೆನಿ ಬೇರೆ, ಸತ್ವ ಒಂದೇ. ಎರಡು ತಿಂಗಳ ಮೇಲೆ ರಕ್ತ ನೋಡಿದರೆ ಸಾಕು ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ಆ ರಕ್ತಪರೀಕ್ಷೆಯನ್ನೂ ಇಲ್ಲಿಯೇ ಮಾಡಿಸಿದೆ. ರಕ್ತ ತೆಗೆದ ಹುಡುಗಿ ಪಯ್ಯನ್ನೂರಿನವಳು. ಯಾವಾಗಿನಿಂದ ಇದೆ ಎಂದು ಕೇಳಿದಳು. ನನ್ನದು ಹೇಳಿ, ಅಬ್ಬೆಯದನ್ನೂ ಹೇಳಿದೆ. ಅವಳದನ್ನು ನಾನು ಎಲ್ಲಿ ಹೋದರೂ ಈಗ ಬರೆಸುತ್ತೇನೆ.

ನನಗೀಗ 68, ಉಮ್ಮನಿಗೆ 80. ಇಬ್ಬರೂ ಐದೂವರೆಗೆ ಏಳುತ್ತೇವೆ. ಮಾತ್ರೆ ನುಂಗಿ ಹೂ ಕೊಯ್ಯಲು ಅಂಗಳಕ್ಕೆ ಇಳಿದಾಗ ಕಂಪೌಂಡಿನ ಆಚೆಯಿಂದ ಸ್ವರ ಬರುತ್ತದೆ, "ಗುಳಿಗ ಕುಡಿಚ್ಚಾ ಟೀಚರೇ?" ಆಯಿತು ಎನ್ನುತ್ತೇನೆ. ನಿಮ್ಮದು? ಆಯಿತು. ಆಮೇಲೆ ಅವರು ಅಲ್ಲಿ, ನಾನು ಇಲ್ಲಿ, ಮನೆಯೊಳಗಿನಿಂದ ಕಾಫಿಯ ಪರಿಮಳ ಬರುತ್ತಿದ್ದರೂ ಒಳಗೆ ಹೋಗದೆ ನಿಂತು ಮಾತಾಡುತ್ತೇವೆ. ಅರ್ಧ ಗಂಟೆ ಆಗಬೇಕಲ್ಲ.